ಬದಲಾಗುವ ಸ್ಟಾಪ್ ಕೋಡ್‌ಗಳು, ಒಂದೇ ಬಿಟ್: ಪದೇಪದೇ ಕುಸಿಯುತ್ತಿದ್ದ ಕಂಪ್ಯೂಟರೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಪುಸ್ತಕಗಳ ಪುಟವಿನ್ಯಾಸ ಮತ್ತು ಛಾಯಾಚಿತ್ರಗಳ ಸಂಸ್ಕರಣೆ ಮಾಡುವ ಒಬ್ಬರ ಡೆಸ್ಕ್‌ಟಾಪ್ ಕಂಪ್ಯೂಟರ್ ಈ ಪ್ರಕರಣದ ವಸ್ತು. ಅವರ ಗುರುತನ್ನೂ ಯಂತ್ರದ ಬಿಡಿಭಾಗಗಳನ್ನು ತಯಾರಿಸಿದವರ ಹೆಸರುಗಳನ್ನೂ ಇಲ್ಲಿ ಬಿಟ್ಟಿದ್ದೇನೆ. ಅವರನ್ನು ಬಳಕೆದಾರರು ಎಂದೂ, ನನಗಿಂತ ಮೊದಲು ಯಂತ್ರವನ್ನು ಪರಿಶೀಲಿಸಿದವರನ್ನು ಮೊದಲ ತಂತ್ರಜ್ಞರು ಎಂದೂ ಕರೆಯುತ್ತೇನೆ. ಮೊದಲ ತಂತ್ರಜ್ಞರು ಅನುಭವಿಗಳು. ಅವರು ಕೈಗೊಂಡ ಪ್ರತಿಯೊಂದು ಕ್ರಮಕ್ಕೂ ಆ ಹೊತ್ತಿನಲ್ಲಿ ಒಂದು ಕಾರಣವಿತ್ತು. ಆದ್ದರಿಂದಲೇ ಈ ಪ್ರಕರಣ ಬರೆದಿಡಲು ಯೋಗ್ಯವಾದದ್ದು ಎಂದು ನನಗೆ ಅನ್ನಿಸುತ್ತದೆ.

ಯಂತ್ರದಲ್ಲಿದ್ದುದು 64 ಬಿಟ್ ವಿಂಡೋಸ್. ಕೊಂಡಾಗ ಅದರಲ್ಲಿ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್‌ಗಳಿದ್ದವು. ಯಂತ್ರ ಶುರುವಾಗುವಾಗ ಬಿಡಿಭಾಗಗಳನ್ನು ಹೊಂದಿಸುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಪ್ರೊಫೈಲ್ ಚಾಲೂ ಇದ್ದುದರಿಂದ ಅವು 3200ರ ವೇಗದಲ್ಲಿ, 1.35 ವೋಲ್ಟ್‌ನಲ್ಲಿ ಕೆಲಸ ಮಾಡುತ್ತಿದ್ದವು. ಡಿಡಿಆರ್4 ಮಾನದಂಡದ ಸಾಮಾನ್ಯ ವೋಲ್ಟೇಜ್ 1.2 ಮಾತ್ರ, ಎಕ್ಸ್‌ಎಂಪಿ ಎಂದರೆ ಆ ಮಾನದಂಡವನ್ನು ಮೀರಿ ತಯಾರಕರು ಸ್ಟಿಕ್‌ನೊಳಗೇ ಬರೆದಿಟ್ಟ ವೇಗದ ಹೊಂದಾಣಿಕೆ. ಈ ಸ್ಥಿತಿಯಲ್ಲಿ ಯಂತ್ರ ಬಹುಕಾಲ ಯಾವ ತೊಂದರೆಯೂ ಇಲ್ಲದೆ ನಡೆಯಿತು. ಚಿತ್ರಗಳ ಗಾತ್ರ ಹೆಚ್ಚಿ 16 ಜಿಬಿ ಸಾಲದಾದಾಗ ಬಳಕೆದಾರರು 8 ಜಿಬಿಯ ಇನ್ನೆರಡು ಸ್ಟಿಕ್‌ಗಳನ್ನು ತಂದು ಖಾಲಿ ಇದ್ದ ಸ್ಲಾಟ್‌ಗಳಿಗೆ ಹಾಕಿಸಿದರು. ಅವುಗಳ ಮೇಲೂ 3200 ಎಂದೇ ಬರೆದಿತ್ತು. ಯಂತ್ರ ಸಲೀಸಾಗಿ ಶುರುವಾಯಿತು, 32 ಜಿಬಿ ತೋರಿಸಿತು, ದಿನನಿತ್ಯದ ಸಣ್ಣ ಕೆಲಸಗಳು ಎಂದಿನಂತೆ ಸಾಗಿದವು.

ಕುಸಿತಗಳು ಆರಂಭವಾದದ್ದು ಅದಾಗಿ ಕೆಲವು ವಾರಗಳ ನಂತರ, ಒಂದು ದೊಡ್ಡ ಚಿತ್ರಸಂಪುಟದ ಕೆಲಸ ಕೈಗೆ ಬಂದಾಗ. ಅದೇ ದಿನಗಳಲ್ಲಿ ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ, ಕೂಡ ನವೀಕರಣಗೊಂಡಿತ್ತು. ರ‍್ಯಾಮ್ ಹಾಕಿದ್ದಕ್ಕೂ ಮೊದಲ ಕುಸಿತಕ್ಕೂ ನಡುವೆ ಬಿದ್ದ ಈ ಅಂತರ ಮುಂದಿನ ಎಲ್ಲ ಊಹೆಗಳ ದಿಕ್ಕನ್ನು ನಿರ್ಧರಿಸಿಬಿಟ್ಟಿತು. ಕಾರಣ ಮತ್ತು ಪರಿಣಾಮ ಅಕ್ಕಪಕ್ಕದಲ್ಲೇ ಇರುತ್ತವೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಇಂಥ ದೋಷ ಕಾಣಿಸಿಕೊಳ್ಳಲು ಬಿಡಿಭಾಗವಷ್ಟೇ ಸಾಲದು, ಅದರ ಮೇಲೆ ತಕ್ಕಷ್ಟು ಕೆಲಸದ ಹೊರೆಯೂ ಬೀಳಬೇಕು.

ಸಮಸ್ಯೆಯ ಸ್ವರೂಪ

ದೊಡ್ಡ ಫೈಲ್‌ಗಳನ್ನು ತೆರೆದು ಕೆಲವು ಗಂಟೆ ಕೆಲಸ ಮಾಡಿದ ಮೇಲೆ ಯಂತ್ರ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ಮರುಚಾಲನೆಗೊಳ್ಳುತ್ತಿತ್ತು. ಕೆಲವೊಮ್ಮೆ ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ನಾಲ್ಕು ದಿನಕ್ಕೊಮ್ಮೆ ಹೀಗಾಗುತ್ತಿತ್ತು. ಒಂದು ಸಾಮಾನ್ಯ ತಂತ್ರಾಂಶ ತಪ್ಪಿದರೆ ಅದು ಮಾತ್ರ ಮುಚ್ಚಿಕೊಳ್ಳುತ್ತದೆ. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೆ ಅಥವಾ ಅದರ ಜೊತೆಗೇ ಕೆಲಸ ಮಾಡುವ ಡ್ರೈವರ್‌ಗಳೊಳಗೆ ಸರಿಪಡಿಸಲಾಗದ ಅಸಂಗತಿ ಕಂಡುಬಂದರೆ, ಮುಂದುವರಿದು ಡಿಸ್ಕಿನ ಮಾಹಿತಿಯನ್ನು ಕೆಡಿಸುವ ಬದಲು ವ್ಯವಸ್ಥೆ ತಾನಾಗಿಯೇ ನಿಂತುಬಿಡುತ್ತದೆ. ಹಾಗಾಗಿ ನೀಲಿ ಪರದೆ ಒಂದು ರಕ್ಷಣಾಕ್ರಮ. ಅದರಲ್ಲಿ ಕಾಣುವ ಸ್ಟಾಪ್ ಕೋಡ್ ಅಸಂಗತಿ ಎಲ್ಲಿ ಪತ್ತೆಯಾಯಿತು ಎಂಬುದನ್ನು ಹೇಳುತ್ತದೆಯೇ ಹೊರತು ಅದು ಎಲ್ಲಿ ಹುಟ್ಟಿತು ಎಂಬುದನ್ನು ಯಾವಾಗಲೂ ಹೇಳುವುದಿಲ್ಲ.

ಇಲ್ಲಿ ಆ ಕೋಡ್ ಒಂದೇ ಆಗಿರಲಿಲ್ಲ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ 1ಎ, ಇನ್ನೊಮ್ಮೆ ಪೇಜ್ ಫಾಲ್ಟ್ ಕುರಿತಾದ 50, ಮತ್ತೊಮ್ಮೆ ಸಿಸ್ಟಂ ಸರ್ವಿಸ್ ಎಕ್ಸೆಪ್ಷನ್ ಎಂಬ 3ಬಿ, ಮಗದೊಮ್ಮೆ ಕರ್ನಲ್ ಸೆಕ್ಯುರಿಟಿ ಚೆಕ್ ವಿಫಲವಾದಾಗ ಬರುವ 139. ಪರದೆಯ ಮೇಲೆ ಹೆಸರಿಸಲ್ಪಟ್ಟ ಫೈಲ್ ಕೂಡ ಬದಲಾಗುತ್ತಿತ್ತು: ಒಮ್ಮೆ ಗ್ರಾಫಿಕ್ಸ್ ಡ್ರೈವರ್, ಒಮ್ಮೆ ಫೈಲ್ ವ್ಯವಸ್ಥೆಯ ಡ್ರೈವರ್, ಹಲವು ಸಲ ಕರ್ನಲ್ಲೇ. ಬಳಕೆದಾರರು ಪ್ರತಿ ಕೋಡನ್ನೂ ಒಂದೊಂದು ಹೊಸ ರೋಗವೆಂದು ತಿಳಿದು ಪ್ರತ್ಯೇಕವಾಗಿ ಪರಿಹಾರ ಹುಡುಕುತ್ತಿದ್ದರು. ನನ್ನ ದೃಷ್ಟಿಯಲ್ಲಿ ಆ ವೈವಿಧ್ಯವೇ ಮೊದಲ ಸಾಕ್ಷ್ಯ. ಒಂದು ನಿರ್ದಿಷ್ಟ ಡ್ರೈವರ್‌ನಲ್ಲಿ ತಪ್ಪಿದ್ದರೆ ಅದು ಸಾಮಾನ್ಯವಾಗಿ ಒಂದೇ ಬಗೆಯ ಕುಸಿತವನ್ನು ಮತ್ತೆ ಮತ್ತೆ ಉಂಟುಮಾಡುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಭಾಗಗಳು ಸರದಿಯಂತೆ ಬೀಳುತ್ತಿದ್ದರೆ, ಅವೆಲ್ಲವೂ ಆಧರಿಸಿ ನಿಂತಿರುವ ಕೆಳಗಿನ ಪದರದ ಕಡೆಗೆ ನೋಡಬೇಕು. ಆ ಪದರ ಮೆಮೊರಿ ಇರಬಹುದು, ಪ್ರೊಸೆಸರ್ ಇರಬಹುದು, ವಿದ್ಯುತ್ ಪೂರೈಕೆ ಇರಬಹುದು, ಡಿಸ್ಕ್ ಇರಬಹುದು, ಅಥವಾ ಬೇರೆಯವರ ಮೆಮೊರಿಯ ಮೇಲೆ ಬರೆಯುವ ಒಂದು ಕೆಟ್ಟ ಡ್ರೈವರ್ ಕೂಡ ಇರಬಹುದು. ಈ ಕೊನೆಯ ಸಾಧ್ಯತೆಯನ್ನು ಮರೆತವರು ತುಂಬ ಬೇಗ ಯಂತ್ರದ ಮೇಲೆ ತೀರ್ಪು ಕೊಟ್ಟುಬಿಡುತ್ತಾರೆ.

ಮೊದಲು ಮಾಡಲಾದ ಪ್ರಯತ್ನಗಳು

ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ತೆಗೆದು ಹಳೆಯ ಆವೃತ್ತಿಯನ್ನು ಹಾಕಲಾಯಿತು. ಎರಡು ದಿನ ಯಂತ್ರ ಶಾಂತವಾಗಿತ್ತು, ಮೂರನೆಯ ದಿನ ಮತ್ತೆ ಕುಸಿಯಿತು.

ಆಮೇಲೆ ಮೊದಲ ತಂತ್ರಜ್ಞರು ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದರು. ಅಲ್ಲಿ ಪ್ರತಿ ಕುಸಿತದ ಪಕ್ಕದಲ್ಲೂ ಕರ್ನಲ್ ಪವರ್ ಮೂಲದ 41ನೇ ಸಂಖ್ಯೆಯ ಗಂಭೀರ ದಾಖಲೆ ಇತ್ತು. ಪವರ್ ಎಂಬ ಹೆಸರು ಕಂಡು ವಿದ್ಯುತ್ ಪೂರೈಕೆಯ ಘಟಕವನ್ನು ಬದಲಾಯಿಸಲಾಯಿತು. ಇದು ಬಹಳ ಜನ ದಾರಿ ತಪ್ಪುವ ತಿರುವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. 41 ಎಂಬ ದಾಖಲೆಯನ್ನು ವ್ಯವಸ್ಥೆ ಕುಸಿಯುವಾಗ ಬರೆಯುವುದಿಲ್ಲ. ಮುಂದಿನ ಬಾರಿ ಶುರುವಾದಾಗ, ಹಿಂದಿನ ಸಲ ಕ್ರಮಬದ್ಧವಾಗಿ ಮುಚ್ಚಿಲ್ಲ ಎಂಬುದನ್ನು ಗಮನಿಸಿ ಬರೆಯುತ್ತದೆ. ತಂತಿ ಕಿತ್ತರೂ, ಪವರ್ ಬಟನ್ ಒತ್ತಿ ಹಿಡಿದರೂ, ನೀಲಿ ಪರದೆ ಬಂದು ಮರುಚಾಲನೆಗೊಂಡರೂ ಅದೇ ದಾಖಲೆ ಬರುತ್ತದೆ. ಅದರ ವಿವರಗಳಲ್ಲಿ ಬಗ್‌ಚೆಕ್ ಕೋಡ್ ಎಂಬ ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ, ಅಂದರೆ ಕರ್ನಲ್ ತಾನೇ ನಿಂತದ್ದು ದಾಖಲಾಗಿದ್ದರೆ, ಏಕಾಏಕಿ ವಿದ್ಯುತ್ ಕಡಿತವಾಗಿದೆ ಎಂಬ ಊಹೆ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಇಲ್ಲಿ ಸೊನ್ನೆ ಇರಲಿಲ್ಲ. ಹೊಸ ಘಟಕ ಬಂದ ಮೇಲೂ ಕುಸಿತಗಳು ಮುಂದುವರಿದವು.

ನಂತರ ಮೆಮೊರಿಯ ಪರೀಕ್ಷೆ ನಡೆಯಿತು. ಮೊದಲ ತಂತ್ರಜ್ಞರು ಮದರ್‌ಬೋರ್ಡಿನ ಬ್ಯಾಟರಿ ತೆಗೆದು ಬಯೋಸ್ ಹೊಂದಾಣಿಕೆಗಳನ್ನು ಮೂಲಸ್ಥಿತಿಗೆ ತಂದು, ನಾಲ್ಕು ಸ್ಟಿಕ್‌ಗಳನ್ನೂ ಒಂದೊಂದಾಗಿ ಒಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿದರು. ನಾಲ್ಕೂ ತೇರ್ಗಡೆಯಾದವು. ರ‍್ಯಾಮ್ ಸರಿ ಇದೆ ಎಂದು ಟಿಪ್ಪಣಿ ಬರೆದು, ನಾಲ್ಕನ್ನೂ ಮರಳಿ ಹಾಕಿ, ಎಕ್ಸ್‌ಎಂಪಿಯನ್ನು ಮತ್ತೆ ಚಾಲೂ ಮಾಡಿ ಯಂತ್ರವನ್ನು ಹಿಂದಿರುಗಿಸಿದರು. ಪ್ರಕರಣ ಇಷ್ಟು ದೀರ್ಘವಾಗಲು ಕಾರಣವಾದ ಘಟನೆ ಇದೇ. ಇದಕ್ಕೆ ಮುಂದೆ ಮರಳುತ್ತೇನೆ.

ಕೊನೆಗೆ ವಿಂಡೋಸನ್ನು ಹೊಸದಾಗಿ ಸ್ಥಾಪಿಸಲಾಯಿತು. ಮೊದಲ ಪ್ರಯತ್ನ ಅರ್ಧದಲ್ಲಿ ಒಂದು ಫೈಲ್ ನಕಲಾಗುತ್ತಿಲ್ಲ ಎಂದು ನಿಂತಿತು. ಎರಡನೆಯದು ಬೇರೊಂದು ಫೈಲ್‌ನಲ್ಲಿ ನಿಂತಿತು. ಅದರ ನಂತರದ್ದು ಮುಗಿಯಿತು. ಅದೇ ಯುಎಸ್‌ಬಿಯಿಂದ ಇನ್ನೊಂದು ಯಂತ್ರದಲ್ಲಿ ಸ್ಥಾಪನೆ ಯಾವ ತಕರಾರೂ ಇಲ್ಲದೆ ಸಾಗಿತ್ತು. ಸ್ಥಾಪನೆ ಮುಗಿದ ವಾರದೊಳಗೆ ನೀಲಿ ಪರದೆ ಮರಳಿತು. ಯಂತ್ರ ನನ್ನ ಬಳಿಗೆ ಬಂದದ್ದು ಆಗ.

ಮರುಸ್ಥಾಪನೆ ಒಂದು ಪರೀಕ್ಷೆಯಾಗಿ ಉಪಯುಕ್ತ ಎಂಬುದನ್ನು ಒಪ್ಪುತ್ತೇನೆ: ಹೊಸ ವ್ಯವಸ್ಥೆಯಲ್ಲೂ ದೋಷ ಉಳಿದರೆ ಹಳೆಯ ತಂತ್ರಾಂಶದ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಹಳೆಯ ಕುಸಿತಗಳ ಡಂಪ್ ಫೈಲ್‌ಗಳು (ಕುಸಿದ ಕ್ಷಣದ ಮೆಮೊರಿಯ ಪ್ರತಿಗಳು), ಈವೆಂಟ್ ದಾಖಲೆಗಳು, ಯಾವ ದಿನ ಏನು ಬದಲಾಯಿತು ಎಂಬ ಇತಿಹಾಸ ಎಲ್ಲವೂ ಅಳಿಸಿಹೋಗಿದ್ದವು. ವಿಂಡೋಸ್ ಫೋಲ್ಡರ್‌ನೊಳಗಿನ ಮಿನಿಡಂಪ್ ಫೋಲ್ಡರನ್ನೂ ಸಿಸ್ಟಂ ಲಾಗನ್ನೂ ಯುಎಸ್‌ಬಿಗೆ ನಕಲಿಸಿಕೊಳ್ಳಲು ಹಿಡಿಯುವುದು ಕೆಲವೇ ನಿಮಿಷ. ಮರುಸ್ಥಾಪನೆಗೆ ಕೈ ಹಾಕುವ ಮುನ್ನ ಅಷ್ಟು ಮಾಡಿದ್ದರೆ ಮುಂದಿನ ಕೆಲಸ ಬಹಳ ಸುಲಭವಾಗುತ್ತಿತ್ತು.

ಸಾಕ್ಷ್ಯ ಕೂಡಿಸುವ ತೀರ್ಮಾನ

ಯಂತ್ರ ಕೈಗೆ ಬಂದಾಗ ಯಾವುದನ್ನೂ ಬದಲಾಯಿಸದೆ ಇರುವುದು ನನ್ನ ಮೊದಲ ತೀರ್ಮಾನ. ಬಳಕೆದಾರರಿಗೆ ಇದು ಕಷ್ಟವಾಯಿತು. ಅವರ ಮುಂದೆ ಗಡುವು ಇತ್ತು. ಹಾಗಾಗಿ ಅವರ ಕೆಲಸವನ್ನು ತಾತ್ಕಾಲಿಕವಾಗಿ ಇನ್ನೊಂದು ಯಂತ್ರಕ್ಕೆ ಸಾಗಿಸಿದೆವು. ಇದರಿಂದ ಎರಡು ಲಾಭವಾದವು: ಅವಸರ ತಗ್ಗಿತು, ಮತ್ತು ನಂಬಲಾಗದ ಯಂತ್ರದಲ್ಲಿ ಹೊಸ ಫೈಲ್‌ಗಳು ಉಳಿಯುವುದು ನಿಂತಿತು. ಎರಡನೆಯ ಲಾಭದ ಮಹತ್ವ ನಮಗೆ ಪೂರ್ತಿ ತಿಳಿದದ್ದು ಆಮೇಲೆ.

ಡಂಪ್ ಬರೆಯುವ ವ್ಯವಸ್ಥೆಯನ್ನು ಪರಿಶೀಲಿಸಿದಾಗ ಅದು ಸ್ಮಾಲ್ ಮೆಮೊರಿ ಡಂಪ್ ಎಂದಿತ್ತು. ಜೊತೆಗೆ, ಜಾಗ ಉಳಿಸುವ ಒಂದು ಸ್ವಚ್ಛತಾ ತಂತ್ರಾಂಶ ಅವುಗಳನ್ನೂ ಆಗಾಗ ಅಳಿಸುತ್ತಿತ್ತು. ಆ ತಂತ್ರಾಂಶವನ್ನು ತೆಗೆದೆವು. ವಿಂಡೋಸ್ 8ರಿಂದ ಈಚೆಗೆ ಸ್ವಯಂನಿಯೋಜಿತವಾಗಿ ಬರುವ ಆಟೊಮ್ಯಾಟಿಕ್ ಮೆಮೊರಿ ಡಂಪ್ ಆಯ್ಕೆಯನ್ನು ಮರಳಿ ಹಾಕಿದೆವು. ಸಿಸ್ಟಂ ಡ್ರೈವ್‌ನಲ್ಲಿ ಪೇಜ್ ಫೈಲ್ ಇದೆ ಎಂಬುದನ್ನೂ ನೋಡಿಕೊಂಡೆವು, ಏಕೆಂದರೆ ಕುಸಿತದ ಕ್ಷಣದಲ್ಲಿ ಮಾಹಿತಿ ಮೊದಲು ಹೋಗಿ ಕೂರುವುದು ಅದರಲ್ಲೇ. ಸಣ್ಣ ಡಂಪ್‌ನಲ್ಲಿ ಕುಸಿತದ ಸುತ್ತಲಿನ ಚಿಕ್ಕ ತುಣುಕು ಮಾತ್ರ ಇರುತ್ತದೆ. ಕರ್ನಲ್‌ನ ಮೆಮೊರಿ ಪೂರ್ತಿ ಇರುವ ಡಂಪ್ ಇದ್ದರೆ, ಕರ್ನಲ್‌ನ ಕೋಡ್ ಆ ಹೊತ್ತಿನಲ್ಲಿ ಮೆಮೊರಿಯಲ್ಲಿ ಹೇಗಿತ್ತು ಎಂಬುದನ್ನೂ ನೋಡಬಹುದು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ, ಪ್ರೊಸೆಸರಿನ ತಾಪಮಾನ, ಫ್ಯಾನ್‌ಗಳು ಇವುಗಳಲ್ಲಿ ಹೇಳುವಂಥದ್ದೇನೂ ಕಾಣಲಿಲ್ಲ. ಪ್ರೊಸೆಸರ್ ತಾನೇ ಪತ್ತೆಹಚ್ಚುವ ದೋಷಗಳನ್ನು ದಾಖಲಿಸುವ ಹ್ವೀಯಾ ಲಾಗರ್‌ನಲ್ಲಿಯೂ ಏನೂ ಇರಲಿಲ್ಲ, ಸ್ಟಾಪ್ ಕೋಡ್ 124 ಎಂದೂ ಬಂದಿರಲಿಲ್ಲ. ಆದರೆ ಇದರಿಂದ ಮೆಮೊರಿ ನಿರ್ದೋಷಿ ಎಂದು ಹೇಳಲಾಗದು. ಸಾಮಾನ್ಯ ಡೆಸ್ಕ್‌ಟಾಪ್‌ಗಳ ರ‍್ಯಾಮ್‌ನಲ್ಲಿ ತಪ್ಪು ತಿದ್ದುವ ಇಸಿಸಿ ಎಂಬ ವ್ಯವಸ್ಥೆ ಇರುವುದಿಲ್ಲ. ಇಸಿಸಿ ಇರುವ ಡಿಡಿಆರ್4 ಸ್ಟಿಕ್ 64 ಬಿಟ್ ಮಾಹಿತಿಗೆ ಇನ್ನೂ 8 ಬಿಟ್ ಸೇರಿಸಿ 72 ಬಿಟ್ ಇಟ್ಟುಕೊಳ್ಳುತ್ತದೆ. ಒಂದು ಬಿಟ್ ಕೆಟ್ಟರೆ ಸರಿಪಡಿಸುತ್ತದೆ, ಎರಡು ಕೆಟ್ಟರೆ ಪತ್ತೆಹಚ್ಚುತ್ತದೆ. ಅದಿಲ್ಲದ ಯಂತ್ರದಲ್ಲಿ ಬಿಟ್ ಕೆಟ್ಟದ್ದು ಯಾರಿಗೂ ವರದಿಯಾಗುವುದಿಲ್ಲ. ಕೆಟ್ಟ ಸಂಖ್ಯೆಯೇ ಸರಿಯಾದ ಸಂಖ್ಯೆಯೆಂಬಂತೆ ಮುಂದಕ್ಕೆ ಹೋಗುತ್ತದೆ.

ಕೆಟ್ಟ ಡ್ರೈವರ್‌ನ ಸಾಧ್ಯತೆಯನ್ನು ಪರೀಕ್ಷಿಸಲು ಡ್ರೈವರ್ ವೆರಿಫೈಯರ್ ಚಾಲೂ ಮಾಡಿದೆವು. ಇದನ್ನು ಎಲ್ಲ ಡ್ರೈವರ್‌ಗಳ ಮೇಲೂ ಒಟ್ಟಿಗೆ ಹಾಕಿದರೆ ಯಂತ್ರ ತೀರಾ ನಿಧಾನವಾಗಬಹುದು ಅಥವಾ ಶುರುವಾಗದೆಯೇ ಹೋಗಬಹುದು. ಆದ್ದರಿಂದ ವಿಂಡೋಸ್ ಜೊತೆಗೆ ಬಂದ ಡ್ರೈವರ್‌ಗಳನ್ನು ಬಿಟ್ಟು ಹೊರಗಿನವುಗಳನ್ನು ಮಾತ್ರ ಆರಿಸಿದೆವು. ಶುರುವಾಗದಿದ್ದರೆ ಸೇಫ್ ಮೋಡ್‌ನಲ್ಲಿ ವೆರಿಫೈಯರನ್ನು ರದ್ದುಗೊಳಿಸುವ ಆದೇಶವನ್ನೂ ಮೊದಲೇ ಬರೆದಿಟ್ಟುಕೊಂಡೆವು. ಡ್ರೈವರ್ ನಿಯಮ ಮೀರಿದರೆ ವೆರಿಫೈಯರ್ ಅದನ್ನು ಅಲ್ಲೇ ಹಿಡಿದು ಸಿ4 ಎಂಬ ಕೋಡ್‌ನೊಂದಿಗೆ ನಿಲ್ಲಿಸಬೇಕು. ಕುಸಿತಗಳೇನೋ ಮುಂದುವರಿದವು, ಆದರೆ ಸಿ4 ಒಮ್ಮೆಯೂ ಬರಲಿಲ್ಲ. ಇದು ಡ್ರೈವರ್‌ಗಳನ್ನು ಪೂರ್ಣ ಬಿಡುಗಡೆ ಮಾಡುವ ಸಾಕ್ಷ್ಯವಲ್ಲದಿದ್ದರೂ ತಕ್ಕಡಿಯನ್ನು ಒಂದು ಕಡೆಗೆ ಸ್ಪಷ್ಟವಾಗಿ ವಾಲಿಸಿತು.

ತಿರುವು: 48 ಇರಬೇಕಾದಲ್ಲಿ 40

ಅಷ್ಟರಲ್ಲಿ 3ಬಿ ಕೋಡ್‌ನ ಒಂದು ಕುಸಿತದ ಕರ್ನಲ್ ಡಂಪ್ ದೊರೆಯಿತು. ಅದನ್ನು ಇನ್ನೊಂದು ಯಂತ್ರಕ್ಕೆ ನಕಲಿಸಿ, ಡಂಪ್‌ಗಳನ್ನು ಬಿಡಿಸಿ ನೋಡುವ ಡಿಬಗರ್ ಆದ ವಿನ್‌ಡಿಬಗ್‌ನಲ್ಲಿ ತೆರೆದು, ಸ್ವಯಂಚಾಲಿತ ವಿಶ್ಲೇಷಣೆಯ ಆದೇಶ ಕೊಟ್ಟೆವು. ಕೆಟ್ಟ ಮೆಮೊರಿಯ ಮೇಲೆ ಓಡುವ ಡಿಬಗರ್‌ನ ಮಾತನ್ನು ನಂಬುವಂತಿಲ್ಲವಾದ್ದರಿಂದ ವಿಶ್ಲೇಷಣೆ ಬೇರೆ ಯಂತ್ರದಲ್ಲಿ ನಡೆಯಬೇಕು. ಉತ್ತರದಲ್ಲಿ ಯಾವುದೇ ಡ್ರೈವರ್‌ನ ಹೆಸರಿನ ಬದಲು ಮೆಮೊರಿ ಕರಪ್ಷನ್ ಎಂದೂ, ಅದರ ಬಗೆ ಒನ್ ಬಿಟ್ ಎಂದೂ ಬಂತು.

ಡಿಬಗರ್ ಈ ತೀರ್ಮಾನಕ್ಕೆ ಬರುವ ದಾರಿ ಸರಳವಾಗಿದೆ. ಕರ್ನಲ್‌ನ ಕೋಡ್ ಯಾವ ಆವೃತ್ತಿಯದು ಎಂಬುದನ್ನು ಗುರುತಿಸಿ, ಆ ಆವೃತ್ತಿಯ ಶುದ್ಧ ಪ್ರತಿಯನ್ನು ಸಿಂಬಲ್ ಸರ್ವರ್‌ನಿಂದ ತರಿಸಿಕೊಂಡು, ಡಂಪ್‌ನಲ್ಲಿರುವ ಪ್ರತಿಯೊಂದಿಗೆ ಬೈಟ್ ಬೈಟ್ ಹೋಲಿಸುತ್ತದೆ. ಇಲ್ಲಿ ಇಡೀ ಕರ್ನಲ್‌ನಲ್ಲಿ ಒಂದೇ ಒಂದು ಬೈಟ್ ಬೇರೆಯಾಗಿತ್ತು. ಷೋಡಶಮಾನ ಪದ್ಧತಿಯಲ್ಲಿ 48 ಇರಬೇಕಾದ ಜಾಗದಲ್ಲಿ 40 ಇತ್ತು. ದ್ವಿಮಾನದಲ್ಲಿ ಬರೆದರೆ 01001000 ಎಂಬುದು 01000000 ಆಗಿತ್ತು. ಎಂಟರಲ್ಲಿ ಒಂದು ಬಿಟ್ ಮಾತ್ರ 1ರಿಂದ 0ಗೆ ಬಿದ್ದಿತ್ತು.

ಈ ಒಂದು ಬಿಟ್ ಕುಸಿತಕ್ಕೆ ಹೇಗೆ ಕಾರಣವಾಯಿತು ಎಂಬುದನ್ನು ಪೂರ್ತಿ ಬಿಡಿಸಿ ನೋಡಲು ಸಾಧ್ಯವಾದದ್ದು ಈ ಪ್ರಕರಣದ ಭಾಗ್ಯ. 64 ಬಿಟ್ ಪ್ರೊಸೆಸರ್‌ಗಳ ಯಂತ್ರಭಾಷೆಯಲ್ಲಿ 48 ಎಂಬ ಬೈಟ್ ಅಸಂಖ್ಯ ಆದೇಶಗಳ ತಲೆಯಲ್ಲಿ ಬರುತ್ತದೆ. ಮುಂದಿನ ಆದೇಶವನ್ನು 64 ಬಿಟ್ ಅಗಲದಲ್ಲಿ ನಡೆಸಬೇಕು ಎಂಬ ಸೂಚನೆ ಅದು. 40 ಕೂಡ ಅದೇ ಕುಟುಂಬದ ಮಾನ್ಯ ಬೈಟ್. ಆದರೆ ಅದರಲ್ಲಿ ಆ ಸೂಚನೆ ಇಲ್ಲ. ಹಾಗಾಗಿ ಪ್ರೊಸೆಸರ್ ಗೊಂದಲಕ್ಕೊಳಗಾಗಲಿಲ್ಲ, ಅದೇ ಆದೇಶವನ್ನು 32 ಬಿಟ್ ಅಗಲದಲ್ಲಿ ನಿಷ್ಠೆಯಿಂದ ನಡೆಸಿತು. 32 ಬಿಟ್ ಬರೆದಾಗ ರಿಜಿಸ್ಟರಿನ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹಸ್ಥಾನದ, ಮೇಲಿನ ಅರ್ಧ ಸೊನ್ನೆಯಾಗುವುದು ಈ ಪ್ರೊಸೆಸರ್ ವಿನ್ಯಾಸದ ನಿಯಮ. ಕರ್ನಲ್‌ನ ವಿಳಾಸಗಳಿಗೆ ಆ ಮೇಲಿನ ಅರ್ಧವೇ ಪ್ರಾಣ. ಅದು ಅಳಿಸಿಹೋದ ವಿಳಾಸ ಎಲ್ಲೂ ಇಲ್ಲದ ಜಾಗವನ್ನು ತೋರಿಸಿತು, ಕರ್ನಲ್ ಅಲ್ಲಿಂದ ಓದಲು ಹೋಗಿ ನಿಂತಿತು. ಆ ಹೊತ್ತಿನಲ್ಲಿ ಯಾವ ಡ್ರೈವರ್ ಕರ್ನಲ್‌ನ ಆ ಭಾಗವನ್ನು ಕರೆದಿತ್ತೋ ಅದರ ಹೆಸರು ಪರದೆಯ ಮೇಲೆ ಬಂದಿರಬಹುದಾಗಿತ್ತು. ಹಿಂದೆ ಗ್ರಾಫಿಕ್ಸ್ ಡ್ರೈವರ್ ಆರೋಪಿಯಾದದ್ದು ಹೀಗೆಯೇ ಎಂದು ಊಹಿಸಲು ಈಗ ಆಧಾರವಿತ್ತು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು: ಆ ಬೈಟ್ ಡಿಸ್ಕಿನಲ್ಲೇ ಕೆಟ್ಟಿತ್ತೇ? ಡಿಸ್ಕಿನಲ್ಲಿರುವ ಕರ್ನಲ್ ಫೈಲ್‌ನ ಡಿಜಿಟಲ್ ಸಹಿಯನ್ನು ಪರಿಶೀಲಿಸಿದಾಗ ಅದು ಅಖಂಡವಾಗಿತ್ತು. ಡಿಸ್ಕಿನಲ್ಲಿ ಸರಿ ಇರುವ, ಬರೆಯದಂತೆ ರಕ್ಷಿಸಲ್ಪಟ್ಟ ಪುಟಗಳಲ್ಲಿ ಕೂರುವ ಕೋಡ್‌ನಲ್ಲಿ, ಕೇವಲ ಒಂದು ಬಿಟ್ ಬದಲಾಗಿರುವುದಕ್ಕೆ ಡ್ರೈವರ್‌ನ ತಪ್ಪು ತೀರಾ ದುರ್ಬಲ ವಿವರಣೆ. ಡ್ರೈವರ್‌ಗಳು ತಪ್ಪಾಗಿ ಬರೆದಾಗ ಸಾಮಾನ್ಯವಾಗಿ ಹಲವು ಬೈಟ್‌ಗಳು ಒಟ್ಟಿಗೆ ಹಾಳಾಗುತ್ತವೆ. ಅನುಮಾನ ಮರಳಿ ಬಂದು ನಿಂತದ್ದು ತೇರ್ಗಡೆಯಾಗಿದ್ದ ರ‍್ಯಾಮ್‌ನ ಮೇಲೆ.

ತೇರ್ಗಡೆಯಾದ ಪರೀಕ್ಷೆಯನ್ನು ಮತ್ತೆ ಓದುವುದು

ಮೊದಲ ತಂತ್ರಜ್ಞರ ಟಿಪ್ಪಣಿಯನ್ನು ಆಗ ಮತ್ತೆ ಓದಿದೆ. ಪರೀಕ್ಷೆಯಲ್ಲಿ ಯಾವ ಲೋಪವೂ ಇರಲಿಲ್ಲ. ಆದರೆ ಪರೀಕ್ಷಿಸಲ್ಪಟ್ಟ ಸ್ಥಿತಿ ಕುಸಿಯುತ್ತಿದ್ದ ಸ್ಥಿತಿಯಾಗಿರಲಿಲ್ಲ. ಬಯೋಸ್ ಮೂಲಸ್ಥಿತಿಗೆ ಹೋದಾಗ ಎಕ್ಸ್‌ಎಂಪಿ ಆರಿಹೋಗಿ ಸ್ಟಿಕ್‌ಗಳು ಮಾನದಂಡದ ಕಡಿಮೆ ವೇಗಕ್ಕೆ ಇಳಿದಿದ್ದವು. ನಾಲ್ಕರ ಬದಲು ಒಂದೇ ಸ್ಟಿಕ್ ಇತ್ತು. ಯಂತ್ರ ತಣ್ಣಗಿತ್ತು, ಪಕ್ಕದ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಇರಲಿಲ್ಲ. ಬಳಕೆದಾರರ ಕೈಯಲ್ಲಿ ಯಂತ್ರ ಕುಸಿಯುತ್ತಿದ್ದದ್ದು ನಾಲ್ಕು ಸ್ಟಿಕ್, 3200ರ ವೇಗ, ಗಂಟೆಗಟ್ಟಲೆ ಕೆಲಸದ ಬಿಸಿ ಈ ಮೂರೂ ಒಟ್ಟಿಗಿದ್ದಾಗ. ಮೂರನ್ನೂ ತೆಗೆದು ನಡೆಸಿದ ಪರೀಕ್ಷೆ ಸ್ಟಿಕ್‌ಗಳು ಬಿಡಿಯಾಗಿ ಆರೋಗ್ಯವಾಗಿವೆ ಎಂದಷ್ಟೇ ಹೇಳಿತ್ತು. ಅದನ್ನು ಮೆಮೊರಿ ವ್ಯವಸ್ಥೆಯೇ ಸರಿ ಇದೆ ಎಂದು ಓದಿಕೊಂಡದ್ದರಿಂದ ತನಿಖೆ ಬೇರೆ ದಾರಿ ಹಿಡಿಯಿತು.

ಹಾಗಾಗಿ ಈ ಬಾರಿ ಏನನ್ನೂ ಬದಲಾಯಿಸದೆ, ಯಂತ್ರವನ್ನು ಮೊದಲು ಭಾರವಾದ ಕೆಲಸದಿಂದ ಬಿಸಿ ಮಾಡಿ, ತಕ್ಷಣ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಇರುವ ಯುಎಸ್‌ಬಿಯಿಂದ ಶುರುಮಾಡಿ ರಾತ್ರಿಯಿಡೀ ಬಿಟ್ಟೆವು. ಇದು ಕಾರ್ಯಾಚರಣಾ ವ್ಯವಸ್ಥೆಯ ಹೊರಗೆ ಓಡುವುದರಿಂದ ಡ್ರೈವರ್‌ಗಳ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಮೊದಲ ಸುತ್ತು ಸ್ವಚ್ಛವಾಗಿ ಮುಗಿಯಿತು. ದೋಷಗಳು ಕಾಣಿಸಿಕೊಂಡದ್ದು ನಂತರದ ಸುತ್ತುಗಳಲ್ಲಿ, ಬೇರೆ ಬೇರೆ ವಿಳಾಸಗಳಲ್ಲಿ. ಆದರೆ ಬಹುಪಾಲು ಒಂದೇ ಬಿಟ್ ಸ್ಥಾನದಲ್ಲಿ. ಮೆಮೊರಿಯ ಒಂದು ಚಾನೆಲ್ ಒಮ್ಮೆಗೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಹಾಗಾಗಿ ಡಂಪ್‌ನಲ್ಲಿ ಕೆಟ್ಟಿದ್ದ ಬೈಟ್‌ನ ವಿಳಾಸವನ್ನು 8ರಿಂದ ಭಾಗಿಸಿದಾಗ ಉಳಿಯುವ ಶೇಷದಿಂದ ಅದು ಎಂಟರಲ್ಲಿ ಎಷ್ಟನೆಯ ಬೈಟ್ ಎಂದು ತಿಳಿಯುತ್ತದೆ. ಅಲ್ಲಿಂದ ಲೆಕ್ಕ ಹಾಕಿದ ಸ್ಥಾನ ಮೆಮ್‌ಟೆಸ್ಟ್ ತೋರಿಸಿದ ಸ್ಥಾನದೊಂದಿಗೆ ಸರಿಹೊಂದಿತು. ಎರಡು ಸ್ವತಂತ್ರ ದಾರಿಗಳಿಂದ ಒಂದೇ ಸ್ಥಾನಕ್ಕೆ ಬಂದು ತಲುಪಿದ್ದು ನನಗೆ ಬೇಕಾಗಿದ್ದ ಖಾತ್ರಿಯನ್ನು ಕೊಟ್ಟಿತು.

ಮುಂದಿನ ಹೆಜ್ಜೆಗಳಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿದೆವು. ಹಳೆಯ ಜೋಡಿ ಮಾತ್ರ, 3200ರಲ್ಲಿ: ಸ್ವಚ್ಛ. ಹೊಸ ಜೋಡಿ ಮಾತ್ರ, 3200ರಲ್ಲಿ: ಸ್ವಚ್ಛ. ನಾಲ್ಕೂ, ಎಕ್ಸ್‌ಎಂಪಿ ಇಲ್ಲದೆ: ಸ್ವಚ್ಛ. ನಾಲ್ಕೂ, 3200ರಲ್ಲಿ: ದೋಷ. ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ, ಯಾವ ತಯಾರಕರೂ ತಪ್ಪು ಮಾಲು ಕೊಟ್ಟಿರಲಿಲ್ಲ. ಎಕ್ಸ್‌ಎಂಪಿಯ ಭರವಸೆ ಒಂದು ಪೆಟ್ಟಿಗೆಯಲ್ಲಿ ಒಟ್ಟಿಗೆ ಮಾರಿದ ಜೋಡಿಗೆ ಸಲ್ಲುವಂಥದ್ದು. ಬೇರೆ ಬೇರೆ ಜೋಡಿಗಳನ್ನು ಕೂಡಿಸಿದಾಗ ಅದು ಅನ್ವಯಿಸುವುದಿಲ್ಲ. ಪ್ರತಿ ಚಾನೆಲ್‌ನಲ್ಲಿ ಒಂದರ ಬದಲು ಎರಡು ಸ್ಟಿಕ್ ಕೂತಾಗ ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕದ ಮೇಲೆ ವಿದ್ಯುತ್ ಹೊರೆ ಹೆಚ್ಚುತ್ತದೆ, ಸಂಕೇತ ಸರಿಯಾಗಿ ತಲುಪಲು ಇರುವ ಅಂಚು ಕಿರಿದಾಗುತ್ತದೆ. ನಾಲ್ಕು ಸ್ಟಿಕ್ ಹಾಕಿದಾಗ ಬೆಂಬಲಿತ ವೇಗ ಕಡಿಮೆ ಎಂದು ಪ್ರೊಸೆಸರ್ ತಯಾರಕರ ದಾಖಲೆಗಳಲ್ಲೇ ಹಲವು ಪೀಳಿಗೆಗಳಿಗೆ ಬರೆದಿರುತ್ತದೆ. ಬಿಸಿ ಏರಿದಾಗ ಆ ಕಿರಿದಾದ ಅಂಚೂ ಮುಗಿದು, ಆಗೊಮ್ಮೆ ಈಗೊಮ್ಮೆ ಒಂದು ಬಿಟ್ ತಪ್ಪುತ್ತಿತ್ತು.

ಪರಿಹಾರದ ಆಯ್ಕೆ

ವೋಲ್ಟೇಜನ್ನು ಇನ್ನೂ ಸ್ವಲ್ಪ ಏರಿಸಿ, ಟೈಮಿಂಗ್‌ಗಳನ್ನು (ಮೆಮೊರಿಯ ಹೆಜ್ಜೆಗಳ ನಡುವೆ ಕಾಯುವ ಅವಧಿಗಳನ್ನು) ಸಡಿಲಿಸಿ 3200ರಲ್ಲೇ ಉಳಿಸಿಕೊಳ್ಳುವ ದಾರಿ ಇತ್ತು. ಅದರಲ್ಲಿ ಆಸಕ್ತಿ ಇರುವವರಿಗೆ ಅದು ಒಳ್ಳೆಯ ಅಭ್ಯಾಸ. ಬೇರೊಬ್ಬರ ಜೀವನೋಪಾಯದ ಯಂತ್ರದಲ್ಲಿ ನಾನು ಅದನ್ನು ಒಪ್ಪಲಾರೆ. ಅಂಚಿನಲ್ಲಿರುವ ವ್ಯವಸ್ಥೆಯನ್ನು ತುಸು ಒಳಕ್ಕೆ ತಳ್ಳಿದರೂ ಅದು ಅಂಚಿನ ಹತ್ತಿರವೇ ಇರುತ್ತದೆ, ಬೇಸಿಗೆಯಲ್ಲೋ ಧೂಳು ಕೂತಾಗಲೋ ಮತ್ತೆ ಜಾರಬಹುದು. ಬಳಕೆದಾರರ ಕೆಲಸಕ್ಕೆ ಬೇಕಾದದ್ದು ಹೆಚ್ಚು ಮೆಮೊರಿಯೇ ಹೊರತು ಅತಿ ವೇಗದ ಮೆಮೊರಿಯಲ್ಲ. ಆದ್ದರಿಂದ ತಕ್ಷಣಕ್ಕೆ ಎಕ್ಸ್‌ಎಂಪಿ ಆರಿಸಿ ಮಾನದಂಡದ 2666 ವೇಗದಲ್ಲಿ ನಾಲ್ಕನ್ನೂ ಓಡಿಸುವುದು, ಅನುಕೂಲವಾದಾಗ ಒಂದೇ ಪೆಟ್ಟಿಗೆಯ 16 ಜಿಬಿಯ ಎರಡು ಸ್ಟಿಕ್‌ಗಳಿಗೆ ಬದಲಾಗುವುದು ಎಂದು ತೀರ್ಮಾನಿಸಿದೆವು. ನಿತ್ಯದ ಕೆಲಸದಲ್ಲಿ ವೇಗ ಇಳಿದದ್ದು ತಮಗೆ ತಿಳಿಯಲೇ ಇಲ್ಲ ಎಂದು ಬಳಕೆದಾರರು ಹೇಳಿದರು.

ಸ್ಥಿರವಾಗಿದೆ ಎಂದು ಯಾವಾಗ ಹೇಳಬಹುದು ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಗ್ರಾಫಿಕ್ಸ್ ಡ್ರೈವರ್ ಬದಲಾಯಿಸಿದಾಗ ಎರಡು ದಿನದ ಶಾಂತಿಯನ್ನೇ ಪರಿಹಾರವೆಂದು ಭಾವಿಸಲಾಗಿತ್ತು. ಕುಸಿತಗಳು ಯಾದೃಚ್ಛಿಕವಾಗಿ, ಸರಾಸರಿ ಒಂದು ನಿರ್ದಿಷ್ಟ ಅಂತರದಲ್ಲಿ ಬರುತ್ತಿವೆ ಎಂದುಕೊಂಡರೆ, ಏನನ್ನೂ ಸರಿಪಡಿಸದಿದ್ದರೂ ಆ ಅಂತರದಷ್ಟು ಕಾಲ ಶಾಂತವಾಗಿರುವ ಸಾಧ್ಯತೆ ಸುಮಾರು 37 ಪ್ರತಿಶತ ಇರುತ್ತದೆ. ಅದರ ಮೂರು ಪಟ್ಟು ಕಾಲ ಶಾಂತವಾಗಿರುವ ಸಾಧ್ಯತೆ ಸುಮಾರು 5 ಪ್ರತಿಶತ. ಆದ್ದರಿಂದ ಸರಾಸರಿ ಅಂತರದ ಮೂರು ಪಟ್ಟಾದರೂ, ಅದೂ ಮೊದಲಿನಷ್ಟೇ ಭಾರವಾದ ಕೆಲಸದಲ್ಲಿ, ಕಾಯದೆ ತೀರ್ಪು ಕೊಡಬಾರದು. ನಾವು ಅದಕ್ಕಿಂತ ಬಹಳ ಹೆಚ್ಚು ಕಾದೆವು. ನೀಲಿ ಪರದೆ ಮರಳಲಿಲ್ಲ.

ಕುಸಿತ ನಿಂತ ಮೇಲಿನ ಕೆಲಸ

ಇಲ್ಲಿಗೆ ಪ್ರಕರಣ ಮುಗಿಯಿತು ಎಂದು ಬಳಕೆದಾರರು ಭಾವಿಸಿದ್ದರು. ನನ್ನ ಆತಂಕ ಹೆಚ್ಚಾಗಿದ್ದದ್ದು ಇಲ್ಲಿಂದಲೇ. ಕರ್ನಲ್‌ನ ಕೋಡ್‌ನಲ್ಲಿ ಬಿದ್ದ ಬಿಟ್ ಯಂತ್ರವನ್ನು ನಿಲ್ಲಿಸಿತು, ಆದ್ದರಿಂದ ಕಣ್ಣಿಗೆ ಕಂಡಿತು. ತೆರೆದಿದ್ದ ಚಿತ್ರದೊಳಗೋ ನಕಲಾಗುತ್ತಿದ್ದ ಫೈಲ್‌ನೊಳಗೋ ಬಿದ್ದ ಬಿಟ್ ಯಾವ ಸದ್ದನ್ನೂ ಮಾಡದೆ ಡಿಸ್ಕಿಗೆ ಬರೆಯಲ್ಪಟ್ಟಿರುತ್ತದೆ. 32 ಜಿಬಿಯಲ್ಲಿ ಕರ್ನಲ್‌ನ ಪಾಲು ಸಣ್ಣದು, ಬಳಕೆದಾರರ ಮಾಹಿತಿಯ ಪಾಲೇ ದೊಡ್ಡದು.

ಕ್ರಮ ಇಲ್ಲಿ ಬಹಳ ಮುಖ್ಯ. ಮೆಮೊರಿ ಸರಿಯಾಗಿದೆ ಎಂದು ಖಾತ್ರಿಯಾಗುವ ಮೊದಲು ಡಿಸ್ಕ್ ದುರಸ್ತಿಯ ಯಾವ ಉಪಕರಣವನ್ನೂ ಓಡಿಸಬಾರದು, ಏಕೆಂದರೆ ದುರಸ್ತಿಯೂ ಅದೇ ಮೆಮೊರಿಯ ಮೂಲಕವೇ ನಡೆಯುತ್ತದೆ. ಮೊದಲು ಡಿಸ್ಕಿನ ಪೂರ್ಣ ಪ್ರತಿ ತೆಗೆದಿಟ್ಟೆವು. ಆಮೇಲೆ ಡಿಸ್ಕಿನ ಫೈಲ್ ವ್ಯವಸ್ಥೆಯನ್ನು ಸರಿಪಡಿಸುವ ಚೆಕ್‌ಡಿಸ್ಕ್, ಅದರ ನಂತರ ವಿಂಡೋಸ್‌ನ ಮೂಲ ಸಂಗ್ರಹವನ್ನು ಸರಿಪಡಿಸುವ ಡಿಐಎಸ್‌ಎಂ, ಕೊನೆಗೆ ಆ ಸಂಗ್ರಹವನ್ನು ಆಧರಿಸಿ ಸಿಸ್ಟಂ ಫೈಲ್‌ಗಳನ್ನು ತಿದ್ದುವ ಎಸ್‌ಎಫ್‌ಸಿ. ಎಸ್‌ಎಫ್‌ಸಿ ಕೆಲವು ಫೈಲ್‌ಗಳನ್ನು ಬದಲಾಯಿಸಿತು. ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯಲ್ಲೇ ಕೆಟ್ಟ ಫೈಲ್‌ಗಳಿದ್ದವು ಎಂಬುದು, ದೋಷದ ಮೂಲ ತಿಳಿಯದೆ ಮರುಸ್ಥಾಪಿಸುವುದರಿಂದ ಏನಾಗುತ್ತದೆ ಎಂಬುದನ್ನು ತೋರಿಸಿತು.

ಬಳಕೆದಾರರ ಫೈಲ್‌ಗಳಿಗೆ ಹೆಚ್ಚು ಕಾಲ ಹಿಡಿಯಿತು. ರ‍್ಯಾಮ್ ಸೇರಿಸುವುದಕ್ಕೆ ಮುಂಚಿನ ಒಂದು ಹಳೆಯ ಬ್ಯಾಕಪ್ ಅದೃಷ್ಟವಶಾತ್ ಉಳಿದಿತ್ತು. ಎರಡೂ ಕಡೆ ಇರುವ ಫೈಲ್‌ಗಳ ಹ್ಯಾಶ್, ಅಂದರೆ ಒಳಗಿನ ಮಾಹಿತಿಯಿಂದ ಪಡೆಯುವ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕಿ, ತಿದ್ದುಪಡಿಯ ದಿನಾಂಕ ಒಂದೇ ಇದ್ದೂ ಹ್ಯಾಶ್ ಬೇರೆಯಾಗಿರುವವನ್ನು ಹೆಕ್ಕಿದೆವು. ಯಾರೂ ಮುಟ್ಟದೆ ಬದಲಾದ ಫೈಲ್‌ಗಳು ಅವು. ಡಿಸ್ಕುಗಳ ನಡುವೆ ನಕಲಾಗುವಾಗ ಕೆಟ್ಟಿದ್ದ ಕೆಲವು ಚಿತ್ರಗಳು ಹೀಗೆ ಸಿಕ್ಕಿದವು. ಈಚಿನ ಬ್ಯಾಕಪ್‌ಗಳಲ್ಲಿಯೂ ಅವು ಕೆಟ್ಟ ರೂಪದಲ್ಲೇ ಇದ್ದವು. ಪ್ರತಿದಿನ ಹಳೆಯದರ ಮೇಲೆ ಹೊಸದನ್ನು ಬರೆಯುವ ಬ್ಯಾಕಪ್ ಮಾತ್ರ ಇದ್ದಿದ್ದರೆ ಒಳ್ಳೆಯ ಪ್ರತಿಗಳು ಎಂದೋ ಹೋಗಿರುತ್ತಿದ್ದವು.

ಆ ಅವಧಿಯಲ್ಲೇ ಹುಟ್ಟಿದ ಫೈಲ್‌ಗಳಿಗೆ ಹೋಲಿಸಲು ಹಳೆಯ ಪ್ರತಿ ಇರಲಿಲ್ಲ. ಅಲ್ಲಿ ಫೈಲ್‌ನ ಸ್ವರೂಪವೇ ನೆರವಾಗಬೇಕಾಯಿತು. ಜಿಪ್ ಕಡತದಲ್ಲಿ ಪ್ರತಿ ಫೈಲ್‌ಗೂ ಸಿಆರ್‌ಸಿ, ಅಂದರೆ ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ, ಇರುತ್ತದೆ. ಡಾಕ್ಸ್ ಮಾದರಿಯ ದಾಖಲೆಗಳು ಒಳಗೆ ಜಿಪ್ ಕಡತಗಳೇ ಆದ್ದರಿಂದ ಅವುಗಳನ್ನೂ ಹಾಗೆಯೇ ಪರೀಕ್ಷಿಸಬಹುದು. ಪಿಎನ್‌ಜಿ ಚಿತ್ರದ ಪ್ರತಿ ಖಂಡಕ್ಕೂ ಸಿಆರ್‌ಸಿ ಇದೆ. ಜೆಪೆಗ್‌ನಲ್ಲಿ ಅಂಥ ಯಾವ ರಕ್ಷಣೆಯೂ ಇಲ್ಲ. ಒಂದು ಬಿಟ್ ತಪ್ಪಿದ ಜೆಪೆಗ್ ಕೆಲವೊಮ್ಮೆ ಬಣ್ಣ ಸರಿದ ಪಟ್ಟಿಯಾಗಿ ಎದ್ದು ಕಾಣುತ್ತದೆ, ಕೆಲವೊಮ್ಮೆ ಕಣ್ಣಿಗೆ ಸಿಗುವುದೇ ಇಲ್ಲ. ಸಿಆರ್‌ಸಿ ಸರಿ ಇದ್ದ ಮಾತ್ರಕ್ಕೆ, ಆ ಸಿಆರ್‌ಸಿ ಲೆಕ್ಕ ಹಾಕುವುದಕ್ಕೂ ಮೊದಲೇ ಮೆಮೊರಿಯಲ್ಲಿ ಮಾಹಿತಿ ಕೆಟ್ಟಿರಲಿಲ್ಲ ಎಂದೂ ಹೇಳಲಾಗದು. ಆದ್ದರಿಂದ ಆ ಅವಧಿಯ ಚಿತ್ರಗಳಲ್ಲಿ ಕ್ಯಾಮೆರಾದ ಮೂಲ ಕಾರ್ಡ್ ಉಳಿದಿದ್ದವನ್ನು ಮತ್ತೆ ಅಲ್ಲಿಂದಲೇ ನಕಲಿಸಿದೆವು, ಉಳಿದವನ್ನು ಬೇರೆ ಫೋಲ್ಡರ್‌ಗೆ ಹಾಕಿ ಮುದ್ರಣಕ್ಕೆ ಕಳುಹಿಸುವ ಮುನ್ನ ಪೂರ್ಣ ಗಾತ್ರದಲ್ಲಿ ಕಣ್ಣಾಡಿಸಬೇಕಾದವು ಎಂದು ಗುರುತು ಹಾಕಿದೆವು.

ಮುಂದೆ 16 ಜಿಬಿಯ ಎರಡು ಸ್ಟಿಕ್‌ಗಳ ಒಂದೇ ಜೋಡಿ ಬಂದಾಗ, ಅದನ್ನು ಎಕ್ಸ್‌ಎಂಪಿ ವೇಗದಲ್ಲೇ, ಬಿಸಿಯಾದ ಯಂತ್ರದಲ್ಲಿ, ರಾತ್ರಿಯಿಡೀ ಪರೀಕ್ಷಿಸಿ ಸ್ವಚ್ಛವೆಂದು ಕಂಡ ಮೇಲೆ ಮಾತ್ರ ಬಳಕೆಗೆ ಕೊಟ್ಟೆವು. ಬಯೋಸ್ ನವೀಕರಣದ ಸಮಯದಲ್ಲಿ ಮೆಮೊರಿ ಹೊಂದಾಣಿಕೆ ಯಾರ ಗಮನಕ್ಕೂ ಬಾರದೆ ಬದಲಾಗುವುದುಂಟು; ಹಾಗಾಗಿ ಸ್ಟಿಕ್‌ಗಳ ಗಾತ್ರ, ವೇಗ, ವೋಲ್ಟೇಜ್ ಮತ್ತು ಪರೀಕ್ಷೆ ಯಾವ ಸ್ಥಿತಿಯಲ್ಲಿ ನಡೆಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸಿದ್ದೇವೆ. ಬಿಡಿಭಾಗ ಅಥವಾ ಬಯೋಸ್ ಬದಲಾದಾಗಲೆಲ್ಲ ಅದರಲ್ಲಿ ಹೊಸ ಸಾಲು ಸೇರುತ್ತದೆ, ಮತ್ತು ಆ ಸಾಲಿನ ಪರೀಕ್ಷೆ ಮುಗಿಯುವವರೆಗೆ ಬಳಕೆದಾರರು ಯಂತ್ರದಲ್ಲಿ ಕೆಲಸದ ಫೈಲ್‌ಗಳನ್ನು ತೆರೆಯುವುದಿಲ್ಲ.